ಅರ್ಧ ಹೋದ ಕಡ್ಡಿ

ಅವಳಿಗೆ ಮುಳ್ಳಕ್ಕ ಅಂತ ಹೆಸರಿಟ್ಟವರು ರೋಗಿಗಳು. ಆಸ್ಪತ್ರೆಯ ಹಿಂಬದಿಯ ಸೈಕಲ್ ಸ್ಟ್ಯಾಂಡಿಗೆ ಮೂರು ಕಡೆ ತಗಡು ಬಡಿದು, ಮುಂದೊಂದು ಗಾಜು ನಿಲ್ಲಿಸಿ, ಗಾಜಿಗೆ ಎರಡು ತೂತು ಕೊರೆದು, ಆ ತೂತುಗಳಿಗೆ ಮೊಣಕೈಯುದ್ದದ ರಬ್ಬರ್ ಗವಸು ಅಂಟಿಸಿದ್ದರು. ಅದೇ ಅವಳ ಕಚೇರಿ. ಗಾಜಿನಾಚೆ ಒಂದು ಪ್ಲಾಸ್ಟಿಕ್ ಸ್ಟೂಲು, ಈಚೆ ಅವಳು. ರೋಗಿ ಕೂತು ತಲೆ ಹಿಂದಕ್ಕೆ ಹಾಕಿದನೋ, ಗವಸಿನ ಕೈ ಚಾಚಿ ಬಂದು ಹತ್ತಿ ಸುತ್ತಿದ ಕಡ್ಡಿಯನ್ನು ಹೊಳ್ಳೆಯೊಳಗೆ ನೆಟ್ಟಗೆ ತೂರಿಸುತ್ತಿತ್ತು. ಮೂಗೂ ಗಂಟಲೂ ಕೂಡುವ ಹಿಂಗೋಡೆಗೆ ತಾಗುವ ತನಕ ಬಿಡುತ್ತಿರಲಿಲ್ಲ. ಅಲ್ಲಿ ನಾಲ್ಕಾರು ಸುತ್ತು ತಿರುಗಿಸಿ ಈಚೆಗೆಳೆಯುವಷ್ಟರಲ್ಲಿ ರೋಗಿಯ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ.

"ಮೂಗಿಗಾ ಮಿದುಳಿಗಾ ಹಾಕ್ತಿರೋದು?" ಅಂದ ಒಬ್ಬ.

"ಮಿದುಳು ಇದ್ದಿದ್ರೆ ಕಡ್ಡಿಗೆ ಸಿಗ್ತಿತ್ತು. ಮುಂದಿನವ್ರು ಬನ್ನಿ."

ಊರಿನ ದೊಡ್ಡ ಮನುಷ್ಯನೊಬ್ಬ ಸಾಲಿನಲ್ಲಿ ನಿಲ್ಲಲಾರದೆ ಕಾರಿನಲ್ಲೇ ಕೂತು ಅವಳನ್ನು ಕರೆಸಿಕೊಂಡಿದ್ದ. ಕಿಟಕಿ ಇಳಿಸಿ, "ನೋಡಮ್ಮಾ, ಸ್ವಲ್ಪ ಮೆಲ್ಲಗೆ" ಅಂದ. "ಮೆಲ್ಲಗೆ ಮಾಡಿದ್ರೆ ಸುಳ್ಳು ಬರುತ್ತೆ ಸಾರ್. ಸುಳ್ಳೇ ಬೇಕಂದ್ರೆ ಹೇಳ್ಬಿಡಿ, ಒಂದು ಕಡ್ಡಿ ಉಳಿಯುತ್ತೆ" ಅಂದಳು. ಅವನ ಮೂಗಿಗೂ ಕಡ್ಡಿ ಅಷ್ಟೇ ಉದ್ದ ಹೋಯಿತು. ಆ ದೃಶ್ಯ ನೋಡಲು ಸಾಲಿನ ಜನ ಕೆಮ್ಮು ತಡೆದುಕೊಂಡು ನಿಂತಿದ್ದರು.

ಬೈಸಿಕೊಂಡರೂ ಅವಳಿಗೊಂದು ಜಂಬವಿತ್ತು. ಬೇರೆಯವರು ತೆಗೆದ ಮಾದರಿ ಬಂದರೆ ಲ್ಯಾಬಿನ ದೊಡ್ಡ ಡಾಕ್ಟರು ಅನುಮಾನದಿಂದ ಮೂಗು ಮುರಿಯುತ್ತಿದ್ದರು. ಇವಳದ್ದಾದರೆ, "ಮುಳ್ಳಕ್ಕನ ಕಡ್ಡಿ. ಇಲ್ಲ ಅಂದ್ರೆ ಇಲ್ಲ, ಇದೆ ಅಂದ್ರೆ ಇದೆ" ಅಂತ ಸಹಿ ಹಾಕುತ್ತಿದ್ದರು. ಆಗಿನ ಕಾಲದಲ್ಲಿ ಆ ಸಹಿಗೆ ಇದ್ದ ಬೆಲೆ ನ್ಯಾಯಾಧೀಶನ ಸಹಿಗೂ ಇರಲಿಲ್ಲ. ನೆಗೆಟಿವ್ ಬಂದವರಿಗೆ ವಾರ್ಡು, ಹಾಸಿಗೆ, ಆಪರೇಷನ್ನು. ಪಾಸಿಟಿವ್ ಬಂದವರಿಗೆ 'ಉದ್ದ ಹಾಲು' ಅನ್ನುವ ಉದ್ದನೆಯ ಕೋಣೆ. ಮೊದಲು ಅದು ಆಸ್ಪತ್ರೆಯ ಉಗ್ರಾಣವಾಗಿತ್ತು. ಮುರಿದ ಮಂಚ, ತುಕ್ಕು ಹಿಡಿದ ಸ್ಟ್ಯಾಂಡು ತುಂಬುತ್ತಿದ್ದರು. ಈಗ ಅವನ್ನೆಲ್ಲ ಹೊರಗೆ ಹಾಕಿ ಮನುಷ್ಯರನ್ನು ತುಂಬಿದ್ದರು. ಒಳಗೆ ಹೋದವರಲ್ಲಿ ಕೆಲವರು ನಡೆದುಕೊಂಡು ಬರುತ್ತಿದ್ದರು, ಕೆಲವರ ಬಟ್ಟೆಗಂಟು ಮಾತ್ರ ಬರುತ್ತಿತ್ತು.

ಮುಳ್ಳಕ್ಕನನ್ನು ಸಾಕಿದ್ದು ಅತ್ತಿಗೆ. ತಾಯಿ ತೀರಿಕೊಂಡಾಗ ಇವಳಿನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗಿ. ಅಣ್ಣನ ಕೈ ಹಿಡಿದು ಬಂದ ಅತ್ತಿಗೆಗೂ ಆಗ ದೊಡ್ಡ ವಯಸ್ಸೇನಲ್ಲ. ಬಂದ ದಿನವೇ ನಾದಿನಿಯ ತಲೆ ನೋಡಿ, "ಇದೇನಿದು, ತಲೆಯೋ ಹೇನಿನ ಸಂತೆಯೋ" ಅಂತ ಕಾಲ ಸಂದಿಯಲ್ಲಿ ಕೂರಿಸಿಕೊಂಡು ಬಾಚಿದಳು. ಅತ್ತರೆ ಬಾಚಣಿಗೆಯಲ್ಲೇ ಒಂದು ಬಿಡುತ್ತಿದ್ದಳು. ಹುಡುಗಿ ಶಾಲೆ ಮುಗಿಸಿದಾಗ ಅಣ್ಣ, "ಸಾಕು, ಹೆಣ್ಣುಮಕ್ಕಳು ಓದಿ ಯಾವ ಕೋಟೆ ಕಟ್ಟಬೇಕು" ಅಂದ. ಅತ್ತಿಗೆ ಒಲೆ ಹಚ್ಚುವುದನ್ನು ನಿಲ್ಲಿಸಿದಳು. ಆ ಮನೆಯಲ್ಲಿ ನಡೆದ ಮೊದಲ ಮುಷ್ಕರ ಅದು. ಹಸಿದ ಅಣ್ಣ ಎರಡನೇ ದಿನಕ್ಕೆ ಲ್ಯಾಬ್ ಕೋರ್ಸಿನ ಅರ್ಜಿ ತಂದುಕೊಟ್ಟ. ಮುಂದೆ ಮದುವೆಯೂ ಆಯಿತು. ಗಂಡ ಅನ್ನಿಸಿಕೊಂಡವನು ಕುಡಿದು ಬಂದು ಕೈ ಎತ್ತಿದ, ಇವಳೂ ಎತ್ತಿದಳು, ಸಂಸಾರ ಅಲ್ಲಿಗೆ ಮುಗಿಯಿತು. ಪೆಟ್ಟಿಗೆ ಹಿಡಿದು ವಾಪಸ್ಸು ಬಂದಾಗ ಅಣ್ಣ ಗೊಣಗಿದ. ಅತ್ತಿಗೆ ಪೆಟ್ಟಿಗೆ ಒಳಗಿಟ್ಟು, "ಊಟ ಆಯ್ತಾ" ಅಂತ ಕೇಳಿದಳು.

ರೋಗ ಬಂದ ಮೇಲೆ ಅದೇ ಮನೆಯಲ್ಲಿ ಅವಳ ಮಂಚ ಮೆಟ್ಟಿಲ ಕೆಳಗಿನ ಗೂಡಿಗೆ ಹೋಯಿತು. ಅಣ್ಣ ಬಸ್ ಕಂಡಕ್ಟರು. ಬಸ್ಸು ನಿಂತು ಮನೆಯಲ್ಲಿ ಕೂತು ಕೂತು ಮೈಯೆಲ್ಲ ಸಿಡುಕಾಗಿದ್ದ. "ನೀನು ದಿನಾ ಸಾವು ಮುಟ್ಕೊಂಡು ಬರೋಳು. ಒಳಗೆ ಕಾಲಿಡ್ಬೇಡ" ಅಂದ. ಅತ್ತಿಗೆ ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ನಾದಿನಿ ದಾಟಿದ ಜಾಗಕ್ಕೆಲ್ಲ ಸೋಪಿನ ನೀರು ಸುರಿದು, ಬ್ಲೀಚಿಂಗ್ ಪುಡಿ ಎರಚಿ, ಪೊರಕೆಯಿಂದ ಉಜ್ಜುತ್ತಿದ್ದಳು. "ತಪ್ಪು ತಿಳ್ಕೋಬೇಡ ಕಣೇ, ನಿಮ್ಮಣ್ಣನ ಬಾಯಿಗೆ ಹೆದರಿ ಮಾಡ್ತೀನಿ" ಅನ್ನುತ್ತಿದ್ದಳು. ಹೆದರಿಕೆ ಅವಳದ್ದೂ ಹೌದು ಅಂತ ಮುಳ್ಳಕ್ಕನಿಗೆ ಗೊತ್ತಿತ್ತು. ತಮಾಷೆಯೆಂದರೆ, ಮನೆಗೆ ಕೆಮ್ಮು ತಂದವನು ಅಣ್ಣ. ಓಣಿಯಲ್ಲಿ ಕೂತು ಇಸ್ಪೀಟು ಆಡಿ ಬಂದು ಜ್ವರ ಹಿಡಿದು ಮಲಗಿದ. ಪರೀಕ್ಷೆ ಮಾಡ್ತೀನಿ ಬಾ ಅಂದರೆ, "ಬಿಸಿಲಿಗೆ ಬಂದ ಜ್ವರ ಇದು. ನಿನ್ನ ಕಡ್ಡಿ ಇಟ್ಟರೆ ಓಣಿಗೆಲ್ಲ ಬೇಲಿ ಹಾಕ್ತಾರೆ" ಅಂದ. ಎದ್ದು ಓಡಾಡುವವರೆಗೂ ಹೆಂಡತಿ ಕೈಯಲ್ಲಿ ಸೇವೆ ಮಾಡಿಸಿಕೊಂಡ.

ಅದಾದ ಕೆಲವೇ ದಿನಕ್ಕೆ, ಮೆಟ್ಟಿಲು ತೊಳೆಯುತ್ತಿದ್ದ ಅತ್ತಿಗೆ ತಾನೇ ಸುರಿದ ಸೋಪಿನ ನೀರಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಮೂಳೆ ಡಾಕ್ಟರು ಎಕ್ಸ್‌ರೇ ಫೋಟೋ ಹಿಡಿದು ನೋಡಿ, "ಕೀಲು ಒಡೆದಿದೆ. ರಾಡು ಹಾಕಿದ್ರೆ ನಡೀತಾರೆ. ಹಾಕದಿದ್ರೆ ಹಾಸಿಗೇನೇ ಗತಿ" ಅಂದರು. "ಮೊದಲು ನೆಗೆಟಿವ್ ತನ್ನಿ, ಆಮೇಲೆ ಮಾತು."

ಅಣ್ಣ ಸೈಕಲ್ ಸ್ಟ್ಯಾಂಡಿಗೆ ಓಡಿಬಂದ. ತಂಗಿಯನ್ನು ಮನೆಯೊಳಗೆ ಬಿಡದವನು ಈಗ ಗಾಜಿಗೇ ಹಣೆ ತಾಗಿಸಿ ನಿಂತ.

"ನಿನ್ನ ಕೈಲಿದೆ ನೋಡು."

"ನನ್ನ ಕೈಲಿ ಕಡ್ಡಿ ಇದೆ ಅಷ್ಟೆ. ಇದ್ದದ್ದು ಬರುತ್ತೆ."

"ಸಾಕಿದ ಋಣ ಅನ್ನೋದು ಒಂದು ಇರುತ್ತೆ."

"ಸಾಕಿದ್ದು ಅವಳು. ನೀನು ಕೊಂಕು ಮಾತಾಡಿದೆ. ಪಕ್ಕಕ್ಕೆ ನಿಲ್ಲು, ಟ್ರಾಲಿ ಬರ್ಲಿ."

ಮೋಸ ಮಾಡುವ ಯೋಚನೆ ಅವಳಿಗಿರಲಿಲ್ಲ, ಇದನ್ನು ಹೇಳಲೇಬೇಕು. ಟ್ರಾಲಿ ಗಾಜಿನ ಹತ್ತಿರ ಬಾರದ್ದರಿಂದ ಪ್ಲಾಸ್ಟಿಕ್ ಅಂಗಿ ತೊಟ್ಟು ತಾನೇ ಹೊರಗೆ ಬಂದಳು. ಕಲ್ಲು ಹಾಸಿನ ಅಂಗಳದಲ್ಲಿ ಟ್ರಾಲಿ ಕುಲುಕಿದ ಒಂದೊಂದು ಸಲಕ್ಕೂ ಅತ್ತಿಗೆ ಪ್ರಾಣಿಯ ಹಾಗೆ ಕೂಗಿಕೊಳ್ಳುತ್ತಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತಲೆ ಹಿಂದಕ್ಕೆ ಬಾಗಿಸಿದರೆ ಸೊಂಟಕ್ಕೆ ಎಳೆಯುತ್ತಿತ್ತು. ಕಡ್ಡಿ ಹೊಳ್ಳೆ ದಾಟಿ ಒಳಗೆ ಹೋಗುತ್ತಿದ್ದಂತೆ ಅತ್ತಿಗೆಯ ಮೈ ನಡುಗಿತು, ಮುರಿದ ಸೊಂಟ ಅಲುಗಿತು.

"ಬೇಡ ಕಣೇ," ಅಂದಳು. "ಸಾಯಿಸಬೇಡ ಕಣೇ ನನ್ನ."

ಮುಳ್ಳಕ್ಕನ ಕೈ ನಿಂತಿತು. ನಿಂತಲ್ಲೇ, ಅರ್ಧ ದಾರಿಯಲ್ಲೇ, ಕಡ್ಡಿಯನ್ನು ಎರಡು ಸುತ್ತು ತಿರುಗಿಸಿ ಈಚೆಗೆ ತೆಗೆದು ಕೊಳವೆಗೆ ಹಾಕಿ ಮುಚ್ಚಳ ಬಿಗಿದಳು. ಸಾವಿರಾರು ಮೂಗು ನೋಡಿದ ಕೈಗೆ ತಾನೇನು ಮಾಡಿದೆ ಅಂತ ತಿಳಿಯದೇ ಇರುವುದಿಲ್ಲ. ಆದರೂ, 'ಇಷ್ಟು ತಾಗಿದರೆ ಸಾಕು, ಇದ್ದರೆ ಇಷ್ಟಕ್ಕೇ ಬರುತ್ತೆ' ಅಂತ ತನಗೆ ತಾನೇ ಹೇಳಿಕೊಂಡಳು. ಈ ಮಾತನ್ನು ಬೇರೆ ಯಾವ ಲ್ಯಾಬಿನವನಾದರೂ ಹೇಳಿದ್ದರೆ ಅವನ ಜನ್ಮ ಜಾಲಾಡುತ್ತಿದ್ದಳು.

ನೆಗೆಟಿವ್ ಬಂತು. ಅಣ್ಣ ಬಂದು ಕೈ ಮುಗಿದ. ಅವಳು ಮುಖ ತಿರುಗಿಸಿಕೊಂಡಳು.

ಹೆಂಗಸರ ಮೂಳೆ ವಾರ್ಡಿನಲ್ಲಿ ಅತ್ತಿಗೆಯ ಪಕ್ಕದ ಮಂಚದಲ್ಲಿ ಇಟ್ಟಿಗೆ ಗೂಡಿನ ಹುಡುಗಿಯೊಬ್ಬಳಿದ್ದಳು. ಇಟ್ಟಿಗೆ ರಾಶಿ ಕುಸಿದು ಮೊಣಕಾಲ ಕೆಳಗೆ ಮುರಿದಿತ್ತು. ರಾಡು ಹಾಕಿಯಾಗಿತ್ತು, ಊರುಗೋಲಲ್ಲಿ ಕುಂಟುತ್ತ ಓಡಾಡುತ್ತಿದ್ದಳು. ಆಪರೇಷನ್ನಿನ ಸರದಿ ಕಾಯುತ್ತ ಅಂಗಾತ ಬಿದ್ದಿದ್ದ ಅತ್ತಿಗೆಗೆ ನೀರು ಕುಡಿಸುವವಳು, ತುತ್ತು ಬಾಯಿಗಿಡುವವಳು, ಬೆವರು ಒರೆಸುವವಳು ಅವಳೇ. ನರ್ಸುಗಳು ದೂರದಿಂದ ಮಾತ್ರೆ ಎಸೆದು ಹೋಗುತ್ತಿದ್ದ ಕಾಲವದು.

"ನಿಮ್ ನಾದಿನೀನಾ ಮುಳ್ಳಕ್ಕ? ನನ್ ಮೂಗಲ್ಲಿ ಬಾವಿ ತೋಡಿಬಿಟ್ರು," ಅಂದಳು ಹುಡುಗಿ.

"ಸುಳ್ಳು ಕಣಮ್ಮಾ. ಹೂವಿನಂಥ ಕೈ ಅವಳದು. ಸೊಂಟ ನೋಯ್ತು ಅಷ್ಟೆ, ಮೂಗಿಗೆ ಗೊತ್ತೇ ಆಗ್ಲಿಲ್ಲ."

ಇಡೀ ವಾರ್ಡು ನಕ್ಕಿತು. "ಹೂವಂತೆ! ನಮಗೆ ಮುಳ್ಳು, ಮನೆಯವ್ರಿಗೆ ಹೂವು," ಅಂದಳು ಕೈ ಮುರಿದ ಟೀಚರಮ್ಮ. ಅತ್ತಿಗೆಯನ್ನು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಮುಳ್ಳಕ್ಕನಿಗೆ ನಗು ಬರಲಿಲ್ಲ. ನಗುವಿನ ಕೊನೆಗೆ ಅತ್ತಿಗೆ ಕೆಮ್ಮಿದಳು. ಒಣ ಕೆಮ್ಮು, ಬಿಟ್ಟು ಬಿಟ್ಟು ಬರುವಂಥದ್ದು. ಆ ಕೆಮ್ಮನ್ನು ಮುಳ್ಳಕ್ಕ ಗಾಜಿನಾಚೆಯಿಂದ ದಿನವಿಡೀ ಕೇಳುವವಳು. ಹುಡುಗಿ ಅತ್ತಿಗೆಯ ಎದೆ ನೀವುತ್ತ, "ಧೂಳು ಜಾಸ್ತಿ ಇಲ್ಲಿ," ಅಂದಳು.

ಮುಳ್ಳಕ್ಕ ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದಳು.

"ಅತ್ತಿಗೆದು ಇನ್ನೊಂದ್ಸಲ ತೆಗೀತೀನಿ ಸಾರ್."

"ಯಾಕೆ?"

"ಕೆಮ್ತಿದಾಳೆ."

"ಮಲಗೇ ಇದ್ರೆ ಎದೇಲಿ ಕಫ ಕಟ್ಟುತ್ತೆ, ಕೆಮ್ತಾರೆ. ಕಿಟ್ ಎಲ್ಲಿದೆ ತಾಯಿ? ಒಬ್ಬರಿಗೆ ಎರಡೆರಡು ಸಲ ಮಾಡೋಕೆ ಇದೇನು ಜಾತ್ರೇಲಿ ಕಣಿ ಕೇಳೋದಾ?" ಅವರು ತಲೆ ಎತ್ತಿ ನಕ್ಕರು. "ನಿನ್ನ ಕೈ ಯಾವತ್ತಾದ್ರೂ ತಪ್ಪಿದ್ದುಂಟಾ? ಮನೆಯವರು ಅಂತ ತಲೆ ಕೆಡಿಸ್ಕೊಂಡಿದೀಯ. ಹೋಗು, ನಾಳೆ ಬೆಳಿಗ್ಗೆ ಅವ್ರ ಆಪರೇಷನ್."

ಆಗ ಒಂದೇ ವಾಕ್ಯ ಸಾಕಿತ್ತು: ಸಾರ್, ಕಡ್ಡಿ ಅರ್ಧವೇ ಹೋಗಿತ್ತು. ಅಂದಿದ್ದರೆ ಆಪರೇಷನ್ ರದ್ದು, ಮುರಿದ ಸೊಂಟ ಹೊತ್ತು ಅತ್ತಿಗೆ ಉದ್ದ ಹಾಲಿಗೆ. ಬೆಳಗಾಗಲಿ, ರಾಡು ಒಳಗೆ ಕೂರಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಅನ್ನದೆ ಹೊರಗೆ ಬಂದಳು.

ರಾಡು ಕೂತಿತು. ಅದಾಗಿ ಮೂರನೇ ದಿನ ಟೀಚರಮ್ಮನಿಗೆ ಜ್ವರ, ಆಮೇಲೆ ಇಟ್ಟಿಗೆ ಗೂಡಿನ ಹುಡುಗಿಗೆ, ಆಮೇಲೆ ಸಾಲಾಗಿ ಐದಾರು ಮಂಚಕ್ಕೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಹಾಗೆ, ಆಗ ಆಡಳಿತಕ್ಕೆ ಕಿಟ್ ಸಿಕ್ಕವು. ಮುಳ್ಳಕ್ಕ ಮಂಚದಿಂದ ಮಂಚಕ್ಕೆ ಹೋಗಿ ಎಲ್ಲರ ಮೂಗಿಗೂ ಕಡ್ಡಿ ಪೂರಾ ಹಾಕಿದಳು. ಅತ್ತಿಗೆಗೂ ಹಾಕಿದಳು. ಅತ್ತಿಗೆ ಕಿರುಚಿದರೂ ನಿಲ್ಲಿಸಲಿಲ್ಲ. ಎಲ್ಲರದೂ ಪಾಸಿಟಿವ್ ಬಂತು, ಇಡೀ ವಾರ್ಡನ್ನು ಉದ್ದ ಹಾಲಿಗೆ ಸಾಗಿಸಿದರು.

ಸ್ವಚ್ಛ ವಾರ್ಡಿಗೆ ರೋಗ ಹೇಗೆ ನುಗ್ಗಿತು ಅಂತ ಮೇಲಿನವರು ಕೇಳಿದರು. ಸಭೆ ಕೂಡಿತು. ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡು, "ಭರ್ತಿ ಆಗೋವಾಗ ಎಲ್ಲರೂ ನೆಗೆಟಿವ್. ತೆಗೆದದ್ದು ಈಕೆ, ಇವಳ ಕೈ ಮೇಲೆ ಅನುಮಾನ ಬೇಡ. ಅಂದ್ರೆ ಹೊರಗಿಂದ ಬಂದಿದೆ. ಆ ವಾರ್ಡಿನ ಕಿಟಕಿ ಹತ್ರ ದಿನಾ ಗುಂಪು ಗುಂಪಾಗಿ ಬರ್ತಿದ್ದದ್ದು ಯಾರು? ಇಟ್ಟಿಗೆ ಗೂಡಿನವ್ರು," ಅಂದರು.

ಎಲ್ಲರಿಗೂ ಸಮಾಧಾನವಾಯಿತು. ಅಂಥ ಉತ್ತರ ಎಲ್ಲರಿಗೂ ಒಗ್ಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದಕ್ಕೆ ಈ ದೇಶ ಆ ದೇಶ ಅಂತಿಲ್ಲ, ಬರೆ ಹಾಕುವವರು ಎಲ್ಲ ಕಡೆ ಒಂದೇ ಜಾತಿ. ಮುಳ್ಳಕ್ಕ ಗೋಡೆಗೊರಗಿ ನಿಂತಿದ್ದಳು. ಎಲ್ಲರೂ ಅವಳತ್ತ ನೋಡಿ ತಲೆಯಾಡಿಸಿದರು. ಅವಳೂ ಆಡಿಸಿದಳು.

ಉದ್ದ ಹಾಲಿನಲ್ಲಿ ಗಾಳಿಯ ಸಿಲಿಂಡರು ಬದಲಿಸಲು ಜನ ಸಾಲದೆ, ಯಾರ ಸಂಬಂಧಿಕರು ಬಾಗಿಲಲ್ಲಿ ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಸಿಗುತ್ತಿತ್ತು. ಅಣ್ಣನದು ಹಳೆಯ ಕಂಡಕ್ಟರ ಗಂಟಲು, ಬಸ್ಸಿನ ಕೊನೆಯ ಸೀಟಿಗೂ ಕೇಳುವಂಥದ್ದು. ಅತ್ತಿಗೆಗೆ ಸಿಲಿಂಡರು ಬಂತು. ಹುಡುಗಿಯ ತಾಯಿಯನ್ನು ಗೇಟಿನಲ್ಲೇ ತಡೆದಿದ್ದರು. ರೋಗ ತಂದವರ ಕಡೆಯವಳು ಅಂತ ಕಾವಲುಗಾರ ಲಾಠಿ ಅಡ್ಡ ಹಿಡಿದಿದ್ದ. ಹುಡುಗಿ ಬೆಳಿಗ್ಗೆ ಊರುಗೋಲು ಎಲ್ಲಿ ಅಂತ ಕೇಳಿದಳಂತೆ, ಮಧ್ಯಾಹ್ನ ಸತ್ತಳು. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಸದ ಗಾಡಿಯ ಪಕ್ಕ ನಿಂತಿದ್ದ ಇನ್ನೊಂದು ಗಾಡಿಗೆ ಏರಿಸಿದರು.

ಮರುದಿನ ಮರುಪರೀಕ್ಷೆಗೆ ಮುಳ್ಳಕ್ಕ ಉದ್ದ ಹಾಲಿಗೆ ಹೋದಾಗ ಅತ್ತಿಗೆ ದಿಂಬಿಗೊರಗಿ ಕೂತಿದ್ದಳು. ಉಸಿರು ಹಿಡಿತಕ್ಕೆ ಬಂದಿತ್ತು.

"ಆ ಗೂಡಿನ ಹುಡುಗಿ ನನ್ನನ್ನೂ ಹಾಳು ಮಾಡಿ ಹೋದ್ಲು ನೋಡು," ಅಂದಳು. "ಮೈಮೇಲೆ ಬಿದ್ದು ಬಿದ್ದು ಉಪಚಾರ ಮಾಡೋಳು. ನಂಗಾಗ್ಲೇ ಅನುಮಾನ ಇತ್ತು."

ಮುಳ್ಳಕ್ಕ ಕಡ್ಡಿಯ ಪೊಟ್ಟಣ ಕೆಳಗಿಟ್ಟಳು. "ಅವಳಿಂದ ನಿಂಗಲ್ಲ ಅತ್ತಿಗೆ. ನಿನ್ನಿಂದ ಅವಳಿಗೆ. ಅಣ್ಣನಿಂದ ನಿಂಗೆ. ಅವತ್ತು ನಾನು ಕಡ್ಡಿ ಪೂರ್ತಿ ಹಾಕ್ಲಿಲ್ಲ."

ಅತ್ತಿಗೆ ಮೂರ್ಖಳೇನಲ್ಲ; ಕಣ್ಣಲ್ಲಿ ಎಲ್ಲ ಲೆಕ್ಕ ಕೂಡಿ ಬಂದದ್ದು ಕಾಣಿಸಿತು.

"ಯಾರಿಗೆ ಗೊತ್ತು ಇದು?"

"ನಂಗೊತ್ತು."

"ನಿಂಗೊತ್ತಿದ್ರೆ ನಿನ್ನ ಹತ್ರಾನೇ ಇಟ್ಕೋ. ನನ್ನ ತಲೆಗೆ ಯಾಕೆ ಕಟ್ತೀಯ? ಸತ್ತೋಳು ಎದ್ದು ಬರ್ತಾಳಾ? ನಾನು ಈಗಷ್ಟೇ ಎದ್ದು ಕೂತಿದೀನಿ." ಆಮೇಲೆ ದನಿ ಇಳಿಸಿ, ಹಿಂದೆ ತಲೆ ಬಾಚುವಾಗಿನ ಗದರಿಕೆಯಲ್ಲೇ, "ಕೆಲಸ ಹೋಗುತ್ತೆ ಕಣೇ ಹುಚ್ಚಿ. ಬಾಯಿ ಮುಚ್ಕೊಂಡಿರು," ಅಂದಳು.

ಅದು ಪ್ರೀತಿಯೇ, ಸುಳ್ಳಲ್ಲ. ಇನ್ನೊಬ್ಬರ ಹೆಣದ ಮೇಲೆ ನಿಂತು ಮಾಡುವ ಪ್ರೀತಿ ಹಾಗೇ ಇರುತ್ತದೆ.

ಎರಡು ದಿನ ಮುಳ್ಳಕ್ಕ ಬಾಯಿ ಮುಚ್ಚಿಕೊಂಡೇ ಇದ್ದಳು. ಮೂರನೇ ದಿನ ಗಾಜಿನಾಚೆಯ ಸ್ಟೂಲಿನ ಮೇಲೆ ಹುಡುಗಿಯ ತಾಯಿ ಬಂದು ಕೂತಳು. ಉಗುರ ಸಂದಿಯಲ್ಲಿ ಕೆಮ್ಮಣ್ಣು, ಕಣ್ಣು ಒಣಗಿತ್ತು. ಇಟ್ಟಿಗೆ ಗೂಡಿನವರೆಲ್ಲ ಪರೀಕ್ಷೆ ಮಾಡಿಸಬೇಕೆಂದು ಆಜ್ಞೆಯಾಗಿತ್ತು.

"ಬೇಗ ಮಾಡವ್ವಾ," ಅಂದಳು. "ಗುಡಿಸಲ ಮುಂದೆ ಪಾತ್ರೆ ಬಿದ್ದವೆ. ಯಜಮಾನ ನಮ್ಮನ್ನ ಹೊರಗೆ ಹಾಕಿದಾನೆ. ರೋಗ ತಂದೋರು ಅಂತ. ಜೊತೆಯೋರೂ ನಲ್ಲಿ ಮುಟ್ಟಕ್ಕೆ ಬಿಡ್ತಿಲ್ಲ. ನನ್ ಮಗಳು ಎಲ್ಲಿಂದ ತಂದ್ಲವ್ವಾ ರೋಗಾನಾ, ವಾರ್ಡು ಬಿಟ್ಟು ಎಲ್ಲೂ ಹೋಗ್ದೋಳು?"

ಗವಸಿನ ಕೈಗಳು ಗಾಜಿನಾಚೆ ಸುಮ್ಮನೆ ನೇತಾಡಿದವು. ಮುಳ್ಳಕ್ಕ ಅವುಗಳಿಂದ ಕೈ ಎಳೆದುಕೊಂಡು, ಪಕ್ಕದ ತಗಡಿನ ಬಾಗಿಲಿಂದ ಹೊರಗೆ ಬಂದು, ಅವಳ ಎದುರು ನಿಂತು ಎಲ್ಲ ಹೇಳಿದಳು. ಅತ್ತಿಗೆಯ ಸೊಂಟ, ಅರ್ಧಕ್ಕೆ ನಿಂತ ಕಡ್ಡಿ, ಕೆಮ್ಮು, ದೊಡ್ಡ ಡಾಕ್ಟರ ಕೋಣೆ, ಸಭೆಯಲ್ಲಿ ತಾನು ತಲೆಯಾಡಿಸಿದ್ದು. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ದೊಡ್ಡ ಡಾಕ್ಟರಿಗೆ ಸುದ್ದಿ ಮುಟ್ಟಿಸಲು ಜವಾನ ಆಗಲೇ ಓಡಿದ್ದ.

ಹೊಡೆಯುತ್ತಾಳೆ ಅಂದುಕೊಂಡಿದ್ದಳು. ತಾಯಿ ಹೊಡೆಯಲಿಲ್ಲ. ಕೂತಲ್ಲೇ ಕೂತು, "ಇದನ್ನ ನಂಗ್ಯಾಕೆ ಹೇಳ್ತೀಯ? ನಾನೇನು ಮಾಡ್ಲಿ ಇದನ್ನ ಇಟ್ಕೊಂಡು?" ಅಂದಳು. "ಯಜಮಾನನ ಮುಂದೆ ಹೇಳು ಬಾ."

ಎದ್ದು ನಡೆದೇಬಿಟ್ಟಳು. ಮುಳ್ಳಕ್ಕ ಪ್ಲಾಸ್ಟಿಕ್ ಅಂಗಿಯಲ್ಲೇ ಹಿಂಬಾಲಿಸಿದಳು. ಮುಚ್ಚಿದ ಅಂಗಡಿಗಳ ಬೀದಿ ದಾಟಿ, ಲಾರಿ ನಿಲ್ದಾಣ ದಾಟಿ, ಹೊಗೆಯಾಡದೆ ತಣ್ಣಗೆ ನಿಂತ ಗೂಡಿನ ತನಕ ತಾಯಿ ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ಬಿಳಿ ಅಂಗಿ ಕಂಡು ಗುಡಿಸಲ ಸಾಲಿನವರು ಮಕ್ಕಳನ್ನು ಒಳಗೆಳೆದುಕೊಂಡರು.

ಯಜಮಾನ ತನ್ನ ಕಚೇರಿಯ ಜಗಲಿಯ ಮೇಲೆ ಬಂದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತ. "ಅಲ್ಲೇ ನಿಂತು ಹೇಳಿ," ಅಂದ. ಮುಳ್ಳಕ್ಕ ಕೆಳಗೆ ಮಣ್ಣಿನಲ್ಲಿ ನಿಂತು, ಗೂಡಿನವರಿಗೆಲ್ಲ ಕೇಳುವ ಹಾಗೆ ಜೋರಾಗಿ ಇನ್ನೊಂದು ಸಲ ಹೇಳಿದಳು. ರೋಗ ಈಕೆಯ ಮಗಳು ತಂದದ್ದಲ್ಲ, ನನ್ನ ಮನೆಯಿಂದ ಬಂದದ್ದು, ತಪ್ಪಿದ್ದು ನನ್ನ ಕೈ.

ಅವನು ಕೊನೆಯ ತನಕ ಕೇಳಿದ. ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ತಲೆ ತುರಿಸಿಕೊಂಡ.

"ಸರಿ ಮೇಡಂ. ನೀವು ಇಷ್ಟು ಹೇಳ್ತಿದೀರಿ ಅಂದ್ರೆ ನಂಬ್ತೀನಿ. ಪಾಪ, ಆ ಹುಡುಗೀದು ತಪ್ಪಿಲ್ಲ. ಆದ್ರೆ ಗುಡಿಸಲು ನಿನ್ನೇನೇ ಬೇರೆಯೋರಿಗೆ ಕೊಟ್ಟಾಯ್ತಲ್ಲ. ಅವ್ರನ್ನ ಎಬ್ಬಿಸಕ್ಕಾಗುತ್ತಾ?"

ಕರವಸ್ತ್ರ ಮಡಚಿ ಒಳಗೆ ಹೋದ. ಸುತ್ತ ನಿಂತವರು ಒಬ್ಬೊಬ್ಬರಾಗಿ ಚದುರಿದರು. ಹುಡುಗಿ ಇದ್ದ ಗುಡಿಸಲ ಬಾಗಿಲಲ್ಲಿ ಹೊಸಬಳೊಬ್ಬಳು ಮಗು ಎತ್ತಿಕೊಂಡು ನೋಡುತ್ತಿದ್ದಳು, ಆಮೇಲೆ ಅವಳೂ ಬಾಗಿಲು ಎಳೆದುಕೊಂಡಳು.

ತಾಯಿ ಬೀದಿಯಲ್ಲಿ ಬಿದ್ದಿದ್ದ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟಳು. ಚಾಪೆ ಸುತ್ತಿದಳು. ಬಟ್ಟೆಗಂಟನ್ನು ತಲೆಗೇರಿಸಿ, ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ ಮೇಲೆ ಪಾತ್ರೆಗೆ ಕೈ ಉಳಿಯಲಿಲ್ಲ. ಮುಳ್ಳಕ್ಕ ಬಾಗಿ ಪಾತ್ರೆಯ ಕಂಠಕ್ಕೆ ಕೈ ಹಾಕಿದಳು.

"ಮುಟ್ಟಬೇಡ," ಅಂದಳು ತಾಯಿ.

ಗಂಟು ಕೆಳಗಿಳಿಸಿ, ಪಾತ್ರೆಗಳನ್ನು ಗಂಟಿನೊಳಗೆ ತುರುಕಿ, ಮೊಣಕಾಲೂರಿ ಅಷ್ಟನ್ನೂ ಒಬ್ಬಳೇ ತಲೆಗೇರಿಸಿಕೊಂಡು ಎದ್ದಳು. ಲಾರಿ ನಿಲ್ದಾಣದ ಕಡೆ ಹೋಗಲಿಲ್ಲ, ಊರಾಚೆಯ ರಸ್ತೆ ಹಿಡಿದಳು.